ಗೋದಾಮಿನಲ್ಲಿ ಒಂಬತ್ತು ಜನ

ಹತ್ತನೇ ಕ್ಲಾಸಿನ ಕೊನೆಯ ಪೇಪರ್ ಶುಕ್ರವಾರ ಮುಗಿಯಿತು. ಶನಿವಾರ ಬೆಳಿಗ್ಗೆ ಎಂಟಕ್ಕೆ ನಾನು ಗೇರುಬೀಜದ ಫ್ಯಾಕ್ಟರಿಯಲ್ಲಿ ಕಟಿಂಗ್ ಮೆಷಿನ್ನಿನ ಮುಂದೆ ಕುಳಿತಿದ್ದೆ. ಕ್ಲಾಸಿನ ಹುಡುಗಿಯರು ಅಜ್ಜಿ ಮನೆಗೆ ಹೋದರು, ಮುಂಬೈಯ ಮಾವನ ಮನೆಗೆ ಹೋದರು. ನನ್ನ ರಜೆ ಇದು.

ನಾನು ರಮಿತಾ. ನಮ್ಮ ಮನೆ ಬಸ್ರೂರಿನಿಂದ ಒಳಗೆ, ಕಾಲನಿಯಲ್ಲಿ. ಈ ಕಡೆ ಕಾಲನಿ ಎಂದರೆ ಸಾಕು, ಜಾತಿ ಕೇಳಬೇಕಾಗಿಲ್ಲ. ಬಸ್ಸಿನಲ್ಲಿ ಪಕ್ಕ ಕುಳಿತವರು ಮನೆ ಎಲ್ಲಿ ಎಂದು ಕೇಳುತ್ತಾರೆ. ಹೇಳಿದ ಕೂಡಲೇ ಒಂದು ಗೇಣು ಸರಿದು ಕೂರುತ್ತಾರೆ.

ಕಟಿಂಗ್ ಅಂದರೆ ಹೀಗೆ. ಎಡಗೈಯಲ್ಲಿ ಬೀಜ ಇಡಬೇಕು. ಬಲಗೈಯಲ್ಲಿ ಹಿಡಿಕೆ ಒತ್ತಬೇಕು. ಕಾಲಲ್ಲಿ ಪೆಡಲ್ ತುಳಿಯಬೇಕು. ಓಡು ಎರಡು ಹೋಳಾಗಬೇಕು, ಒಳಗಿನ ಬೀಜ ಒಡೆಯಬಾರದು. ಒಡೆದರೆ ಮೇಸ್ತ್ರಿ ಅಶೋಕ್ ತಾಯಿಯನ್ನು ಸೇರಿಸಿ ಬಯ್ಯುತ್ತಾನೆ, ತಾಯಿ ಪಕ್ಕದ ಮೆಷಿನ್ನಿನಲ್ಲೇ ಕುಳಿತಿರುತ್ತಾಳೆ. ಓಡಿನಿಂದ ಸೊನೆ ಹಾರುತ್ತದೆ. ಬಿದ್ದಲ್ಲಿ ಚರ್ಮ ಸುಡುತ್ತದೆ, ಕಪ್ಪಾಗುತ್ತದೆ, ನಾಲ್ಕು ದಿನ ಬಿಟ್ಟು ಸುಲಿಯುತ್ತದೆ. ಕೈಗೆ ಎಣ್ಣೆ ಹಚ್ಚಿ ಬೂದಿ ಬಳಿದುಕೊಳ್ಳುತ್ತೇವೆ. ಅಷ್ಟಕ್ಕೆಲ್ಲ ನಿಲ್ಲುವ ಸೊನೆ ಅದಲ್ಲ.

ನನ್ನ ಅಮ್ಮ ಸರಸ ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ ಮಾಡಿದವಳು. ರೇಷನ್ ಅಂಗಡಿಯ ಮೆಷಿನ್ ಅವಳ ಬೆರಳನ್ನು ಗುರುತಿಸುವುದಿಲ್ಲ. ಹತ್ತೂ ಬೆರಳು ಒತ್ತಿಸಿ ನೋಡಿ, ಕೊನೆಗೆ ಗಂಡನನ್ನು ಕಳಿಸು ಎನ್ನುತ್ತಾರೆ. ಅಪ್ಪನ ಹೆಸರು ಕುಷ್ಟ, ಕೆಂಪುಕಲ್ಲು ಕಡಿಯುವ ಕೋರೆಗೆ ಹೋಗುವವನು. ಅಕ್ಕಿಗಾಗಿ ಒಂದು ದಿನದ ಕೆಲಸ ಬಿಟ್ಟು ಬರುತ್ತಾನೆ.

ಫ್ಯಾಕ್ಟರಿ ಉಮಾನಾಥ ಧಣಿಗಳದ್ದು. ಮುಂಬೈಯಲ್ಲಿ ಹೋಟೆಲು, ಇಲ್ಲಿ ಫ್ಯಾಕ್ಟರಿ, ಪೇಟೆಯಲ್ಲಿ ಒಂದು ಪಿಯು ಕಾಲೇಜು. ನಮ್ಮ ಹೈಸ್ಕೂಲಿನ ಬೀಳ್ಕೊಡುಗೆಗೆ ಅವರೇ ಮುಖ್ಯ ಅತಿಥಿ. ಮೈಕಿನಲ್ಲಿ ಹೇಳಿದರು: ಕಾಲನಿಯ ಮಕ್ಕಳು ತೊಂಬತ್ತು ಪರ್ಸೆಂಟ್ ತೆಗೆದರೆ ತಮ್ಮ ಕಾಲೇಜಿನಲ್ಲಿ ಸೈನ್ಸ್ ಸೀಟು ಪುಕ್ಕಟೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ನನಗೆ ನರ್ಸ್ ಆಗಬೇಕೆಂದಿತ್ತು. ನಮ್ಮ ಕಾಲನಿಯಲ್ಲಿ ಓದಿದ ಹುಡುಗಿಯರು ಒಂದೋ ನರ್ಸ್ ಆಗಿದ್ದಾರೆ, ಇಲ್ಲ ಬಟ್ಟೆ ಅಂಗಡಿಯಲ್ಲಿ ನಿಂತಿದ್ದಾರೆ. ಮೂರನೆಯದನ್ನು ನಾನು ಕಂಡಿರಲಿಲ್ಲ.

ಅದೇ ಧಣಿಗಳ ಫ್ಯಾಕ್ಟರಿಯಲ್ಲಿ ನಾವು ಒಂಬತ್ತು ಹುಡುಗಿಯರು ಇದ್ದೆವು. ಯಾರಿಗೂ ಹದಿನೆಂಟು ಆಗಿಲ್ಲ. ಯಾರ ಹೆಸರೂ ಹಾಜರಿ ಪುಸ್ತಕದಲ್ಲಿ ಇಲ್ಲ. ನಮಗೆ ‘ರಜೆ ಮಕ್ಕಳು’ ಎಂದು ಹೆಸರು. ಆದರೆ ರತ್ನ ರಜೆಯ ಹುಡುಗಿ ಅಲ್ಲ. ಮೂರು ವರ್ಷದ ಹಿಂದೆ ಶಾಲೆ ಬಿಟ್ಟು ಇಲ್ಲಿ ಕುಳಿತವಳು. ಎಲ್ಲರಿಗಿಂತ ಚಿಕ್ಕವಳು ಸುಪ್ರೀತಾ, ಎಂಟನೇ ಕ್ಲಾಸು ಮುಗಿಸಿದವಳು. ಅವಳಿಗೆ ಉಬ್ಬಸ.

ಏಪ್ರಿಲ್ ಮುಗಿಯುತ್ತಿತ್ತು. ಒಂದು ಮಧ್ಯಾಹ್ನ ಅಶೋಕ್ ಓಡಿ ಬಂದ.

“ಹ್ವಾಯ್, ರಜೆ ಮಕ್ಳೆಲ್ಲ ಏಳಿ! ಬೇಗ! ಲೇಬರ್ ಇನ್ಸ್‌ಪೆಕ್ಟರ್ ಹಾಲಾಡಿಂದ ಹೊರಟಾಯ್ತಂಬ್ರ್.”

ರತ್ನ ಎದ್ದಳು. ಉಳಿದವರೂ ಎದ್ದರು. ನಾನು ಅಮ್ಮನ ಕಡೆ ನೋಡಿದೆ. ಅಮ್ಮ ತಲೆ ಎತ್ತಲಿಲ್ಲ. ಯಾವ ತಾಯಿಯೂ ತಲೆ ಎತ್ತಲಿಲ್ಲ. ಎಲ್ಲರೂ ಬೀಜ ಇಟ್ಟರು, ಒತ್ತಿದರು, ಬೀಜ ಇಟ್ಟರು, ಒತ್ತಿದರು.

ಹಿಂದೆ ಸಿಪ್ಪೆಯ ಗೋದಾಮು ಇದೆ. ಒಡೆದ ಓಡುಗಳನ್ನು ಮೂಟೆ ಕಟ್ಟಿ ತಗಡಿನ ಮಾಡಿನವರೆಗೆ ಪೇರಿಸಿಟ್ಟಿರುತ್ತಾರೆ. ಕಿಟಕಿ ಇಲ್ಲ, ತಗಡಿನ ತೂತುಗಳಿಂದ ಬರುವಷ್ಟೇ ಬೆಳಕು. ಅಶೋಕ್ ನಮ್ಮನ್ನು ಒಳಗೆ ತಳ್ಳಿ ಹೊರಗಿನಿಂದ ಬೀಗ ಹಾಕಿದ.

“ಹತ್ತ್ ಮಿನಿಟ್. ಬಾಯ್ ಮುಚ್ಚಿ ಕೂಕಣಿ.”

ಒಳಗೆ ನಿಲ್ಲಲೂ ಜಾಗ ಇರಲಿಲ್ಲ. ಮೂಟೆಗಳ ಮೇಲೆ ಕುಳಿತೆವು. ಮೂಟೆಗಳಿಂದ ಸೊನೆಯ ಘಾಟು ಏಳುತ್ತಿತ್ತು. ಕಣ್ಣು ಉರಿಯಿತು. ಗಂಟಲು ಒಣಗಿತು. ತಗಡಿನ ಕಾವು ತಲೆಯ ಮೇಲೆ ಇಳಿಯಿತು.

ನಾನು ರತ್ನಳನ್ನು ಕೇಳಿದೆ. “ಯಾವಾಗ್ಳೂ ಹೀಂಗೆಯಾ?”

“ಹೌದ್. ಮೂರ್ ವರ್ಷದಿಂದ ಕೂಕಂತೆ ನಾನ್. ಎಂತ ಆತಿಲ್ಲ. ಸುಮ್ನೆ ಕೂಕೊ.”

ಹೊರಗೆ ಜೀಪು ಬಂದ ಸದ್ದು ಆಯಿತು. ಆಫೀಸಿನ ಕೋಣೆ ಗೋದಾಮಿಗೂ ಕಟಿಂಗ್ ಮಾಡುವ ಜಾಗಕ್ಕೂ ನಡುವೆ, ಎರಡಕ್ಕೂ ತಾಗಿಯೇ ಇದೆ. ಕುರ್ಚಿ ಎಳೆದದ್ದು ಕೇಳಿತು. ಗೋಳಿಬಜೆ ತರಿಸಿದರು, ಬಾಗಿಲಿನ ಅಡಿಯಿಂದ ಕರಿದ ಎಣ್ಣೆಯ ವಾಸನೆ ಬಂತು. ಹತ್ತು ನಿಮಿಷ ಕಳೆಯಿತು. ಅರ್ಧ ಗಂಟೆ ಕಳೆಯಿತು. ಅಶೋಕ್ ಬಾಗಿಲಿನ ಹತ್ತಿರ ಬಂದು ಮತ್ತೆ ಹತ್ತು ಮಿನಿಟು ಎಂದ. ಒಂದು ಗಂಟೆ ಆದಾಗಲೂ ಬಂದು ಅದನ್ನೇ ಹೇಳಿದ. ನಮ್ಮಲ್ಲಿ ಒಬ್ಬಳಿಗೆ ತಡೆದುಕೊಳ್ಳಲು ಆಗದೆ ಉಟ್ಟದ್ದರಲ್ಲೇ ಉಚ್ಚೆ ಹೋಯಿತು. ಅವಳು ಮುಖ ಮುಚ್ಚಿಕೊಂಡಳು. ಅವಳ ಹೆಸರು ನಾನು ಹೇಳುವುದಿಲ್ಲ.

ಅಷ್ಟು ಹೊತ್ತೂ ನಾನು ಸುಮ್ಮನೆ ಕುಳಿತಿದ್ದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೆ ಕುಳಿತಿದ್ದೆ.

ಸುಪ್ರೀತಾಳ ಉಸಿರು ಶಿಳ್ಳೆಯ ಹಾಗೆ ಕೇಳತೊಡಗಿತು. ಅವಳು ನನ್ನ ತೋಳು ಹಿಡಿದಳು. ತುಟಿ ನೀಲಿಯಾಗಿತ್ತು. ಏನೋ ಹೇಳಲು ಹೋದಳು, ಬಾಯಿಯಿಂದ ಮಾತು ಬರಲಿಲ್ಲ, ವಾಂತಿ ಬಂತು. ಆಮೇಲೆ ಮೂಟೆಯ ಮೇಲೆ ಒರಗಿದಳು. ಕಣ್ಣು ಮೇಲೆ ಹೋಯಿತು.

ನಾನು ಬಾಗಿಲು ತಟ್ಟಿದೆ. “ಅಶೋಕಣ್ಣ, ಬಾಗ್ಲ್ ತೆಗಿ. ಸುಪ್ರೀತಂಗೆ ಉಸ್ರ್ ಬತ್ತಿಲ್ಲ.”

ಹೊರಗಿನಿಂದ ಮೆಲ್ಲಗೆ ಉತ್ತರ ಬಂತು. “ಬಾಯ್ ಮುಚ್ಚ್. ಈಗ ಹೋತ್ರ್ ಅವ್ರ್.”

ಮೂಲೆಯಲ್ಲಿ ಮೂಟೆ ತೂಗುವ ಕಬ್ಬಿಣದ ಕಲ್ಲು ಇತ್ತು, ಹತ್ತು ಕೆಜಿಯದ್ದು. ಅದನ್ನು ಎರಡೂ ಕೈಯಲ್ಲಿ ಎತ್ತಿದೆ. ರತ್ನ ಅಡ್ಡ ಬಂದಳು.

“ಬ್ಯಾಡ ರಮಿತಾ. ಅಮ್ಮಂದ್ರ ಕೆಲ್ಸ ಹೋತ್ತ್.”

“ಹೋಯ್ಲಿ.”

ಬಾಗಿಲಿಗೆ ಹೊಡೆದೆ. ತಗಡಿನ ಬಾಗಿಲು. ಇಡೀ ಗೋದಾಮು ಗುಡುಗಿತು. ಇನ್ನೊಮ್ಮೆ ಹೊಡೆದೆ. ಕೈಯ ಸುಲಿದ ಚರ್ಮ ಕಿತ್ತು ಬಂತು. ಮತ್ತೆ ಹೊಡೆದೆ.

ಆಫೀಸಿನಿಂದ ಇನ್ಸ್‌ಪೆಕ್ಟರನ ದನಿ ಕೇಳಿತು, ನಮ್ಮ ಕಡೆಯ ಮಾತಲ್ಲ. “ಏನದು ಸದ್ದು?”

“ನಾಯಿ ಸರ್. ಕಟ್ಟಿ ಹಾಕಿದ್ದ್,” ಎಂದ ಅಶೋಕ್.

ಆಮೇಲೆ ಆ ಮನುಷ್ಯ ಹೇಳಿದ್ದು ನನಗೆ ಅಕ್ಷರ ಅಕ್ಷರ ನೆನಪಿದೆ. “ಸರಿ ಹಾಗಾದ್ರೆ. ನಾನಿನ್ನು ಹೊರಡ್ತೀನಿ.”

ನಾಯಿ ಕಬ್ಬಿಣದಲ್ಲಿ ಬಾಗಿಲು ಬಡಿಯುವುದಿಲ್ಲ ಎಂದು ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಕುರ್ಚಿ ಸರಿಸಿ ಎದ್ದದ್ದು ಕೇಳಿತು. ಧಣಿಯ ಮೇಲೆ ನನಗಿದ್ದ ಸಿಟ್ಟು ಹಳೆಯದು, ಅಮ್ಮನಿಂದ ಬಂದದ್ದು. ಈ ಸಿಟ್ಟು ಹೊಸದು, ನನ್ನದೇ.

ನಾನು ಕಿರುಚಿದೆ. “ನಾಯಿ ಅಲ್ಲ! ನಾವ್ ಒಂಬತ್ತ್ ಜನ ಇದ್ದೊ! ಒಂದ್ ಹೆಣ್ಣ್ ಸಾಯುಕಾಯ್ತ್!”

ಎಲ್ಲರೂ ಕಿರುಚಿದರು. ರತ್ನ ಎಲ್ಲರಿಗಿಂತ ಜೋರಾಗಿ ಕಿರುಚಿದಳು. ಆಗ ಹೊರಗೆ ಮೆಷಿನ್ನುಗಳು ನಿಂತವು. ಒಂದು ನಿಂತಿತು, ನಾಲ್ಕು ನಿಂತವು, ಎಲ್ಲ ನಿಂತವು. ಸುಪ್ರೀತಾಳ ತಾಯಿ ಓಡಿ ಬಂದು ಅಶೋಕನ ಕುತ್ತಿಗೆಪಟ್ಟಿ ಹಿಡಿದಳಂತೆ. ಅವಳ ಹಿಂದೆ ಮೂವತ್ತು ಹೆಂಗಸರು. ಇಷ್ಟು ಜನ ನೋಡುತ್ತಿರುವಾಗ ಇನ್ಸ್‌ಪೆಕ್ಟರ್ ಜೀಪು ಹತ್ತುವಂತಿರಲಿಲ್ಲ. ಬಾಗಿಲು ತೆಗೆಸಿದರು.

ಸುಪ್ರೀತಾಳನ್ನು ಅದೇ ಜೀಪಿನಲ್ಲಿ ಕುಂದಾಪುರದ ಆಸ್ಪತ್ರೆಗೆ ಸಾಗಿಸಿದರು. ಬದುಕಿದಳು. ಕೆಮ್ಮು ಇವತ್ತಿಗೂ ಹೋಗಿಲ್ಲ.

ಉಳಿದ ಎಂಟು ಜನರನ್ನು ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದರು. ಧಣಿಗಳು ಕಾರಿನಲ್ಲಿ ಬಂದರು. ಸಿಟ್ಟಿನ ಮುಖ ಇಲ್ಲ. ನಗುತ್ತಾ ಹತ್ತಿರ ಬಂದರು.

“ಸರ್, ಇವೆಲ್ಲ ನಮ್ ಹೆಂಗ್ಸರ ಮಕ್ಳ್. ರಜೆ ಅಲ್ದಾ, ಅಮ್ಮಂದ್ರಿಗೆ ಬುತ್ತಿ ತಂದದ್ದ್. ಆಟ ಆಡೂಕೆ ಗೋದಾಮೊಳ್ಗ್ ಹೋಯ್ ಸಿಕ್ಕಿ ಬಿದ್ದಿರ್.” ಆಮೇಲೆ ನಮ್ಮ ಕಡೆ ತಿರುಗಿದರು. “ಅಲ್ದನಾ ಮಕ್ಳೇ? ಬುತ್ತಿ ತಂದದ್ದ್ ಅಲ್ದಾ?”

ಒಬ್ಬೊಬ್ಬರಾಗಿ ಹೌದೆಂದು ತಲೆ ಆಡಿಸಿದರು. ಅವರನ್ನು ನಾನು ಬಯ್ಯುವುದಿಲ್ಲ. ಎದುರಿನಲ್ಲೇ ತಾಯಂದಿರು ಕೈ ಮುಗಿದು ನಿಂತಿದ್ದರು. ನನ್ನ ಅಮ್ಮನೂ ನಿಂತಿದ್ದಳು. ಸುಮ್ಮನಿರು ಎಂದು ಕಣ್ಣಿನಲ್ಲೇ ಬೇಡಿದಳು.

ನಾನು ಎರಡೂ ಕೈ ಬಿಡಿಸಿ ಮುಂದೆ ಹಿಡಿದೆ. ಕಪ್ಪು, ಅದರ ಮೇಲೆ ರಕ್ತ.

“ಬುತ್ತಿ ತಂದ್ರೆ ಕೈ ಹೀಂಗ್ ಆತ್ತಾ ಧಣಿ?”

ಅವರ ನಗು ಹೋಯಿತು. ಇನ್ಸ್‌ಪೆಕ್ಟರ್ ನನ್ನ ಕೈ ನೋಡಲಿಲ್ಲ, ಕಾಗದ ನೋಡಿದ. ಹೆಸರು ಕೇಳಿದ, ವಯಸ್ಸು ಕೇಳಿದ, ಎಷ್ಟು ದಿನದಿಂದ ಕೆಲಸ ಎಂದು ಕೇಳಿದ. ಎಲ್ಲ ಹೇಳಿದೆ. ಒಂದೊಂದನ್ನೂ ಬರೆಯುವವರೆಗೆ ಅವನ ಪೆನ್ನನ್ನೇ ನೋಡುತ್ತ ನಿಂತೆ. ನನ್ನ ಹಿಂದೆ ರತ್ನ ಬಂದಳು. “ನಂದೂ ಬರ್ಕಣಿ. ಮೂರ್ ವರ್ಷ,” ಎಂದಳು. ಸಹಿ ಹಾಕಿದ ಮೇಲೆ ನಾನು ಕೇಳಿದೆ.

“ಸರ್, ನಿಮ್ ಕೆಲ್ಸ ಸಿಕ್ಕೂಕೆ ಎಂತ ಓದ್ಕ್?”

ಅವನಿಗೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಕೇಳಿದೆ.

“ಯಾವುದಾದ್ರೂ ಡಿಗ್ರಿ ಮಾಡ್ಬೇಕು. ಆಮೇಲೆ ಸರಕಾರದ ಪರೀಕ್ಷೆ ಬರೀಬೇಕು,” ಎಂದ. ನಕ್ಕ. “ಯಾಕಮ್ಮ, ನನ್ನ ಕೆಲಸ ಬೇಕಾ?”

“ಹೌದ್.”

ದಾರಿಯಲ್ಲಿ ಅಮ್ಮ ನನ್ನ ಕೆನ್ನೆಗೆ ಹೊಡೆದಳು. ನಾಲ್ಕು ಹೆಜ್ಜೆ ನಡೆದು ಇನ್ನೊಂದು ಹೊಡೆದಳು. “ನೀನ್ ಬಾಗ್ಲ್ ಬಡ್ದದ್ದಲ್ಲ, ನಮ್ ಹೊಟ್ಟಿಗ್ ಹೊಡ್ದದ್ದ್,” ಎಂದಳು. ನಾನು ಅಳಲಿಲ್ಲ. ಅವಳು ಅತ್ತಳು.

ಧಣಿಗಳ ಮೇಲೆ ಕೇಸಾಯಿತು, ಫ್ಯಾಕ್ಟರಿ ಎರಡು ವಾರ ಮುಚ್ಚಿತು. ಕಾಲನಿಯಲ್ಲಿ ಯಾರೂ ನಮ್ಮ ಜತೆ ಮಾತಾಡಲಿಲ್ಲ. ನೀರಿನ ನಲ್ಲಿಯ ಹತ್ತಿರ ಹೋದರೆ ಹೆಂಗಸರು ನಮಗೆ ಕೇಳುವ ಹಾಗೆ ಹೇಳುತ್ತಿದ್ದರು. “ಸರಸನ ಮಗ್ಳ್ ಆಫೀಸರ್ ಆತ್ಲಂಬ್ರ್. ಅಲ್ಲಿವರೆಗ್ ನಮ್ ಒಲಿ ಹ್ಯಾಂಗ್ ಉರ್ಸುದ್?” ಅವರ ಪ್ರಶ್ನೆ ಸುಳ್ಳಲ್ಲ. ನಾನು ಕೊಡ ತುಂಬಿಸಿಕೊಂಡು ಬರುತ್ತಿದ್ದೆ. ಫ್ಯಾಕ್ಟರಿ ತೆರೆದಾಗ ಎಲ್ಲರನ್ನೂ ಕರೆದರು, ಮೂವರನ್ನು ಬಿಟ್ಟು. ನನ್ನ ಅಮ್ಮ, ರತ್ನಳ ತಾಯಿ, ಸುಪ್ರೀತಾಳ ತಾಯಿ. ಅಮ್ಮ ಅಪ್ಪನ ಜತೆ ಕೋರೆಗೆ ಹೋಗಿ ಕಲ್ಲು ಹೊತ್ತಳು. ಸಂಜೆ ಬಂದು ಕುತ್ತಿಗೆ ತಿರುಗಿಸಲಾಗದೆ ಗೋಡೆಗೆ ಒರಗಿ ಕೂರುತ್ತಿದ್ದಳು. ನನ್ನ ಜತೆ ಮಾತಿಲ್ಲ. ನಾನು ಎಣ್ಣೆ ಬಿಸಿ ಮಾಡಿ ಅವಳ ಕುತ್ತಿಗೆ ತಿಕ್ಕುತ್ತಿದ್ದೆ. ಬೇಡ ಎನ್ನುತ್ತಿರಲಿಲ್ಲ.

ರಿಸಲ್ಟ್ ಬಂತು. ಆರುನೂರ ಇಪ್ಪತ್ತೈದಕ್ಕೆ ಐನೂರ ತೊಂಬತ್ತನಾಲ್ಕು. ಶಾಲೆಗೇ ಮೊದಲು.

ಸಂಜೆ ಪ್ರಭಾವತಿ ಟೀಚರು ಸ್ಕೂಟರಿನಲ್ಲಿ ಬಂದರು. ವಿಜ್ಞಾನ ಕಲಿಸಿದವರು, ನನಗೆ ಹಳೆಯ ಗೈಡುಗಳನ್ನು ಕೊಟ್ಟವರು. ಅವರು ಒಳ್ಳೆಯವರು. ನನ್ನ ತಲೆ ಸವರಿದರು. ಆಮೇಲೆ ಹೇಳಿದರು.

“ರಮಿತಾ, ಧಣಿಗಳ್ ಶಾಲೆಗ್ ಬಂದಿರ್. ಸೀಟ್ ಕೊಡ್ತೆ ಅಂದಿರ್. ಹಾಸ್ಟೆಲೂ ಅವ್ರದ್ದೇ. ಒಂದ್ ಕಾಗದಕ್ಕೆ ಸಹಿ ಹಾಕುದ್, ಅಷ್ಟೇ. ಬುತ್ತಿ ತಕಂಡ್ ಹೋದದ್ದ್ ಅಂದೇಳಿ. ನಿಂಗೆ ಮುಂದೆ ದೊಡ್ಡ ಬದ್ಕ್ ಇತ್ತ್. ಈ ಹಟ ಎಂತಕ್ಕೆ?”

“ಟೀಚರೇ, ಸುಪ್ರೀತಾ ಸತ್ತಿದ್ರೂ ನೀವ್ ಹೀಂಗೇ ಹೇಳ್ತಿದ್ರಿಯಾ?”

ಟೀಚರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡು ಸ್ಕೂಟರ್ ಹತ್ತಿದರು.

ಎರಡು ದಿನ ಬಿಟ್ಟು ಧಣಿಗಳೇ ಬಂದರು. ಕಾಲನಿಗೆ ಅವರು ಬಂದದ್ದು ಅದೇ ಮೊದಲು. ಜತೆಗೆ ಅಶೋಕ್, ಒಬ್ಬ ಫೋಟೋದವನು, ಒಂದು ಶಾಲು, ಒಂದು ಹಣ್ಣಿನ ಬುಟ್ಟಿ. ಕಾಗದ ಅಶೋಕನ ಕೈಯಲ್ಲಿ ಇತ್ತು. ಕಾಲನಿಯ ಜನ ಎಲ್ಲ ಬೇಲಿಯ ಹತ್ತಿರ ಸೇರಿದರು. ಅಪ್ಪ ಕುರ್ಚಿ ತಂದಿಟ್ಟ. ಧಣಿಗಳು ಕೂರಲಿಲ್ಲ.

“ಹೊತ್ತಿಲ್ಲ ಕುಷ್ಟ. ಹುಡ್ಗಿ ಒಳ್ಳೆ ಮಾರ್ಕ್ ತೆಗ್ದಿತ್ತ್. ನಮ್ ಊರಿಗೇ ಹೆಮ್ಮೆ. ಆದದ್ದ್ ಆಯ್ತ್. ಅದ್ಕ್ ಬುದ್ಧಿ ಇಲ್ಲ, ನಾನ್ ಮನ್ಸಲ್ ಇಟ್ಕಣುದಿಲ್ಲ. ಸಹಿ ಹಾಕ್ಸ್. ನಾಳೆ ಕಾಲೇಜಿಗ್ ಸೇರ್ಸ್ವ. ಸರಸನೂ ಸೋಮವಾರ ಕೆಲ್ಸಕ್ಕೆ ಬರ್ಲಿ.”

ಅಪ್ಪ ನೆಲ ನೋಡಿದ. ನಾನು ಮುಂದೆ ಬಂದೆ.

“ಸಹಿ ಹಾಕ್ತಿಲ್ಲೆ.”

“ಸೀಟ್ ಬ್ಯಾಡ್ದಾ?”

“ನಿಮ್ ಸೀಟ್ ಬ್ಯಾಡ. ಕೇಸ್ ನಡೀಲಿ. ನೀವ್ ಕೋರ್ಟಲ್ ನಿಲ್ಕ್. ಅದನ್ನ ನಾನ್ ಕಾಣ್ಕ್.”

ಧಣಿಗಳ ದನಿ ಬದಲಾಯಿತು. “ಕಾಲನಿ ಹೆಣ್ಣಿಗೆ ಇಷ್ಟ್ ಸೊಕ್ಕ್ ಬ್ಯಾಡ. ಕುಂದಾಪುರದಲ್ ಯಾವ್ ಕಾಲೇಜ್ ನಿನ್ನ ಸೇರ್ಸ್ಕಂತ್ತ್ ಕಾಂತೆ ನಾನ್.”

ಆಗ ಅಮ್ಮ ಒಳಗಿನಿಂದ ಬಂದಳು. ಕೈಯಲ್ಲಿ ಒಂದು ಲೋಟ ನೀರು. ಧಣಿಯ ಎದುರು ಹಿಡಿದಳು.

“ಬಿಸ್ಲಲ್ ಬಂದಿರಿ. ಮೊದ್ಲ್ ನೀರ್ ಕುಡಿನಿ ಧಣಿ. ಮತ್ತ್ ಮಾತಾಡ್ವ.”

ಧಣಿಗಳು ಲೋಟ ನೋಡಿದರು. ಅಮ್ಮನ ಕಪ್ಪು ಬೆರಳು ನೋಡಿದರು. “ಬ್ಯಾಡ. ಈಗಷ್ಟೇ ಕುಡ್ದ್ ಬಂದದ್ದ್.”

“ಒಂದ್ ಗುಟ್ಕ್.”

“ಬ್ಯಾಡ ಅಂದೆ ಅಲ್ದಾ?”

“ನಾನ್ ಸುಲ್ದ್ ಕೊಟ್ಟ ಬೀಜ ನಿಮ್ಮನಿ ಪಾಯ್ಸಕ್ಕೆ ಆತ್ತ್. ನನ್ ಮನಿ ನೀರ್ ಆತಿಲ್ಯಾ?” ಅಮ್ಮ ಚಾಚಿದ ಲೋಟ ಇಳಿಸಲಿಲ್ಲ. “ಇಪ್ಪತ್ತೆರಡ್ ವರ್ಷ ಈ ಬೆರಳ್ ಮುಟ್ಟಿದ್ದನ್ನೇ ಮಾರಿ ನೀವ್ ಕಾರ್ ತಕಂಡದ್ದ್. ಅವತ್ತ್ ನಿಮ್ ಅಶೋಕ ನನ್ ಮಗ್ಳನ್ನ ನಾಯಿ ಅಂದ. ನಾನ್ ಕೇಂಡೆ. ಕೇಂಡೂ ಬೀಜ ಒಡೀತಾ ಕೂಕಂಡಿದ್ದೆ. ಇನ್ ಕೂಕಂತಿಲ್ಲೆ. ನೀವ್ ಹೋಯ್ನಿ. ಮಗ್ಳ್ ಸಹಿ ಹಾಕುದಿಲ್ಲ. ನಾನೂ ಸಾಕ್ಷಿ ಹೇಳ್ತೆ.”

ಲೋಟದ ನೀರನ್ನು ಅವಳು ನಿಂತಲ್ಲೇ ಕುಡಿದಳು. ಪೂರ್ತಿ ಕುಡಿದಳು. ಬೇಲಿಯ ಹತ್ತಿರ ಯಾರೋ ನಕ್ಕರು. ರತ್ನ ಇರಬೇಕು. ಧಣಿಗಳು ಕಾರಿನ ಕಡೆ ನಡೆದರು, ಫೋಟೋದವನು ಹಿಂದೆ ಓಡಿದ. ಹಣ್ಣಿನ ಬುಟ್ಟಿ ಅಂಗಳದಲ್ಲೇ ಉಳಿಯಿತು. ಅಪ್ಪ ಅದನ್ನು ಎತ್ತಿಕೊಂಡು ಹೋಗಿ ಕಾರಿನ ಬಾನೆಟ್ಟಿನ ಮೇಲೆ ಇಟ್ಟು ಬಂದ.

ಧಣಿಗಳು ಹೇಳಿದಷ್ಟು ಮಾಡಿದರು. ಎರಡು ಕಾಲೇಜುಗಳಲ್ಲಿ ಸೀಟು ತುಂಬಿದೆ ಎಂದರು. ಮೂರನೆಯದು ಸರಕಾರಿ ಕಾಲೇಜು, ಬಸ್ಸಿನಲ್ಲಿ ಒಂದೂವರೆ ಗಂಟೆಯ ದಾರಿ. ಅಮ್ಮ ಕೋರೆಯ ಕೆಲಸಕ್ಕೆ ರಜೆ ಹಾಕಿ ನನ್ನ ಜತೆ ಬಂದಳು.

ಸೇರಿಸಿಕೊಳ್ಳುವ ಕೋಣೆಯಲ್ಲಿ ರವಿರಾಜ್ ಎಂಬ ಲೆಕ್ಚರರ್ ಕುಳಿತಿದ್ದರು. ಮಾರ್ಕ್ಸ್ ಕಾರ್ಡ್ ನೋಡಿ ಹುಬ್ಬು ಏರಿಸಿದರು.

“ಐನೂರ ತೊಂಬತ್ನಾಲ್ಕ್! ಸೈನ್ಸ್ ಅಲ್ದಾ?”

“ಆರ್ಟ್ಸ್ ಸರ್.”

“ಇಷ್ಟ್ ಮಾರ್ಕಿಗ್ ಆರ್ಟ್ಸಾ? ಎಂತ ಆಯ್ಕ್ ನಿಂಗೆ?”

“ಲೇಬರ್ ಇನ್ಸ್‌ಪೆಕ್ಟರ್.”

ಅವರಿಗೆ ಖುಷಿಯಾಯಿತು. ಇಂಥ ಉತ್ತರ ಯಾರೂ ಕೊಡುವುದಿಲ್ಲ ಎಂದರು. ಅರ್ಜಿಯಲ್ಲಿ ಮುಂದಿನ ಗುರಿ ಎಂದು ಒಂದು ಜಾಗ ಇತ್ತು. ಅದರಲ್ಲಿ ಲೇಬರ್ ಇನ್ಸ್‌ಪೆಕ್ಟರ್ ಎಂದು ಬರೆದರು. ಕೆಳಗಿನ ಸಾಲಿನಲ್ಲಿ ಕಾರಣ ಎಂದಿತ್ತು. ನನ್ನನ್ನು ಕೇಳದೆ ಅಲ್ಲಿ ‘ಸಮಾಜ ಸೇವೆ’ ಎಂದು ತುಂಬಿಸಿದರು.

“ಸರ್, ಅದಲ್ಲ.”

“ಮತ್ತೆಂತ?”

“ಹಗೆ ತೀರ್ಸೂಕೆ.”

ಅವರು ನಕ್ಕರು. ಸಾಲಿನಲ್ಲಿ ನಿಂತ ಹುಡುಗರೂ ನಕ್ಕರು. ನಾನು ನಗಲಿಲ್ಲ. ಪೆನ್ನು ಕೇಳಿದೆ. ಅವರು ಕೊಟ್ಟರು, ತಮಾಷೆ ಎಂದುಕೊಂಡು ಕೊಟ್ಟರು. ನಾನು ‘ಸಮಾಜ ಸೇವೆ’ಯನ್ನು ಹೊಡೆದುಹಾಕಿದೆ. ಪಕ್ಕದಲ್ಲಿ ನನ್ನ ಮಾತು ಬರೆದೆ. ಬೆರಳಿನ ಹೊಸ ಚರ್ಮ ಇನ್ನೂ ಮೆತ್ತಗಿತ್ತು, ಪೆನ್ನು ಹಿಡಿದರೆ ನೋಯುತ್ತಿತ್ತು.

ಅಮ್ಮ ನಾಲ್ಕನೇ ಕ್ಲಾಸಿನವರೆಗೆ ಓದಿದವಳು. ಬಗ್ಗಿ, ಒಂದೊಂದೇ ಅಕ್ಷರ ಕೂಡಿಸಿ ಓದಿದಳು.

“ಅಕ್ಷರ ಸಮ ಕಾಂತಿಲ್ಲ,” ಎಂದಳು. “ಒತ್ತಿ ಬರಿ.”

ಒತ್ತಿ ಬರೆದೆ.